ಪರದೆಯಮ್ಮನ ಕಾರಿಗೆ ಬೇಸ್ ಬಂದದ್ದು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಕಿಟಕಿ ಪರದೆ ಹೊಲಿಯುವ ಹೆಂಗಸೊಬ್ಬರಿದ್ದಾರೆ. ಅವರನ್ನು ಎಲ್ಲರೂ ಪರದೆಯಮ್ಮ ಅಂತಲೇ ಕರೆಯುತ್ತಾರೆ. ಅವರ ಗಂಡನನ್ನು ಕರೆಯುವುದು ಮೇಸ್ತ್ರಿ ಅಂತ. ಊರಿನ ಅರ್ಧ ಮನೆಗಳ ಕಿಟಕಿಗೆ ಇವರು ಹೊಲಿದು ತೂಗುಹಾಕಿದ ಪರದೆಗಳಿವೆ. ಇವರ ಸ್ವಂತ ಮನೆಯ ಕಿಟಕಿಗೆ ಮಾತ್ರ ಹಳೇ ಟವೆಲ್ಲು. ದೀಪದ ಬುಡದಲ್ಲಿ ಕತ್ತಲೆ ಅಂತ ಯಾರಾದರೂ ನಕ್ಕರೆ, "ನಮ್ಮನೇಲಿ ಮುಚ್ಚಿಡೋ ಅಂಥದ್ದು ಏನಿದೆ ಹೇಳಿ" ಅಂತ ಪರದೆಯಮ್ಮನೂ ನಗುತ್ತಾರೆ.

ಇಬ್ಬರೂ ಮೊದಲು ಬಟ್ಟೆ ಗಿರಣಿಯಲ್ಲಿದ್ದವರು. ಆಕೆ ಮಗ್ಗ ನೋಡಿಕೊಳ್ಳುತ್ತಿದ್ದರು, ಕೆಟ್ಟ ಮಗ್ಗವನ್ನು ರಿಪೇರಿ ಮಾಡುವುದು ಮೇಸ್ತ್ರಿಯ ಕೆಲಸ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಆ ದೊಡ್ಡ ಶೆಡ್ಡಿನಲ್ಲಿ ಬಾಯಿಬಿಟ್ಟು ಮಾತಾಡಿ ಉಪಯೋಗವಿರಲಿಲ್ಲ. ಕೈಸನ್ನೆ, ಕಣ್ಸನ್ನೆ, ತುಟಿ ಓದುವುದು, ಇಷ್ಟರಲ್ಲೇ ಅವರ ಪರಿಚಯವಾಗಿ, ಇಷ್ಟರಲ್ಲೇ ಮದುವೆಯೂ ನಿಶ್ಚಯವಾಯಿತಂತೆ. "ಮದುವೆಯಾದ ಮೇಲೇ ಇವರ ದನಿ ಕೇಳಿದ್ದು ನಾನು. ಮೊದಲೇ ಕೇಳಿದ್ರೆ ಯೋಚನೆ ಮಾಡ್ತಿದ್ದೆ" ಅನ್ನುತ್ತಾರೆ ಪರದೆಯಮ್ಮ.

ಗಿರಣಿ ಮುಚ್ಚಿತು. ಆಕೆ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡರು. ಮೇಸ್ತ್ರಿ ಗೋಡೆ ಕೊರೆದು ಪರದೆಯ ಸರಳು ಕೂರಿಸುವ ಕೆಲಸ ಹಿಡಿದರು. ಉದ್ದುದ್ದ ಸರಳುಗಳನ್ನು ಬಸ್ಸಿನಲ್ಲಿ ಒಯ್ಯುವಾಗ ಯಾರದಾದರೂ ಬೆನ್ನಿಗೆ ತಿವಿದು ಬೈಸಿಕೊಳ್ಳುವುದು ನಡೆದೇ ಇತ್ತು. ಕೊನೆಗೆ ಪರದೆಯಮ್ಮ ಡ್ರೈವಿಂಗ್ ಕಲಿತು, ಯಾರೋ ಬಳಸಿ ಬಿಟ್ಟ ಒಂದು ಪುಟ್ಟ ಬಿಳಿ ಕಾರು ಕೊಂಡರು. ಡ್ರೈವಿಂಗ್ ನನಗಾಗದು ಅಂತ ಮೇಸ್ತ್ರಿ ಮೊದಲೇ ಕೈಯೆತ್ತಿಬಿಟ್ಟಿದ್ದರು. ಆ ಕಾರಿನ ಡಿಕ್ಕಿಯೇ ಅವರ ಅಂಗಡಿ. ಬಟ್ಟೆಯ ಸುರುಳಿಗಳು, ಮಡಚುವ ಏಣಿ, ಗೋಡೆ ಕೊರೆಯುವ ಡ್ರಿಲ್ಲು, ಇಸ್ತ್ರಿ ಪೆಟ್ಟಿಗೆ, ಕೊಕ್ಕೆ ತುಂಬಿದ ಡಬ್ಬಗಳು. ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಸರಳುಗಳು ಡಿಕ್ಕಿಯಿಂದ ಮುಂದಿನ ಸೀಟಿನವರೆಗೂ ಓರೆಯಾಗಿ ಮಲಗುತ್ತಿದ್ದವು.

ಗಿರಣಿ ಆಕೆಯ ಕಿವಿಯಿಂದ ಒಂದಿಷ್ಟು ಕಿತ್ತುಕೊಂಡಿತ್ತು. ಡಾಕ್ಟರು ಹೇಳಿದ ಪ್ರಕಾರ ಹೋದದ್ದು ಸಣ್ಣ ದನಿಗಳು: ಬಾಗಿಲ ಗಂಟೆ, ಹಕ್ಕಿಯ ಚಿಲಿಪಿಲಿ, ಫೋನಿನ ಟ್ರಿಣ್. ದಪ್ಪ ದನಿಗಳಿಗೆ ಏನೂ ಆಗಿರಲಿಲ್ಲ. ಮಾತು ಅರ್ಧ ಕಿವಿಯಲ್ಲಿ, ಅರ್ಧ ತುಟಿ ನೋಡಿ ತಿಳಿಯುತ್ತಿತ್ತು. ಆದರೆ ಹಾಡಿಗೆ ತುಟಿಯಿಲ್ಲವಲ್ಲ. ಕಾರಿನ ರೇಡಿಯೋ ಹಾಕಿದರೆ ಆಕೆಗೆ ಕೇಳುತ್ತಿದ್ದದ್ದು ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಸದ್ದು. ಸುಮ್ಮನೆ ಆರಿಸಿಬಿಡುತ್ತಿದ್ದರು. ಹಾಡು ಕೇಳುವ ಆಸೆಯೇ ಹೋಗಿದೆ ಅಂದುಕೊಂಡಿದ್ದರು.

ಹಾಗಲ್ಲ ಅಂತ ಗೊತ್ತಾದದ್ದು ಒಂದು ಹೊಸ ಮನೆಯಲ್ಲಿ. ಹಜಾರದ ದೊಡ್ಡ ಕಿಟಕಿಗೆ ಪರದೆ ಹಾಕಲು ಏಣಿ ಹತ್ತಿ, ಬಾಯಲ್ಲಿ ಕೊಕ್ಕೆಗಳನ್ನು ಕಚ್ಚಿಕೊಂಡು ನಿಂತಿದ್ದರು. ಮನೆಯಾಕೆ ಮೂಲೆಯಲ್ಲಿದ್ದ ಸೊಂಟದೆತ್ತರದ ಸ್ಪೀಕರಿನಲ್ಲಿ ಹಾಡು ಹಾಕಿದರು. ಮೊದಲು ಏಣಿ ಸಣ್ಣಗೆ ನಡುಗಿತು. ಆಮೇಲೆ ಪಾದ, ಮೊಣಕಾಲು, ಎದೆ. ಹಾಡಿನ ತಳದಲ್ಲಿ ದಪ್ಪ ತಂತಿಯನ್ನು ಯಾರೋ ನಿಧಾನ ಮೀಟುತ್ತಿದ್ದರು, ಅದರ ಮೇಲೆ ಒಂದು ಗಂಡು ದನಿ ನಡೆಯುತ್ತಿತ್ತು. ಪರದೆಯಮ್ಮ ಕೊಕ್ಕೆ ಹಾಕುವುದನ್ನು ಮರೆತರು.

"ಏನಾಯ್ತೇ? ತಲೆ ಸುತ್ತುತ್ತಾ?" ಅಂತ ಕೆಳಗಿನಿಂದ ಮೇಸ್ತ್ರಿ ಕೇಳಿದರು.

ಆಕೆ ಇಳಿದುಬಂದು ಸ್ಪೀಕರಿನ ಮೇಲೆ ಅಂಗೈಯಿಟ್ಟರು. ಹಾಡು ಮುಗಿಯುವವರೆಗೂ ತೆಗೆಯಲಿಲ್ಲ. "ಇದು ಕಾರಿಗೆ ಹಾಕೋಕಾಗುತ್ತಾ ಅಮ್ಮಾ?" ಅಂತ ಮನೆಯಾಕೆಯನ್ನು ಕೇಳಿದರು.

"ಇಷ್ಟು ದೊಡ್ಡದಾಗಲ್ಲ. ಆದ್ರೆ ಕಾರಿಗೇ ಅಂತ ವೂಫರ್ ಬರುತ್ತೆ, ಈ ದಪ್ಪ ದನಿ, ಬೇಸ್ ಅಂತಾರಲ್ಲ, ಅದನ್ನೇ ಕೊಡೋ ಸ್ಪೀಕರ್. ಸೇತುವೆ ಹತ್ರ ಒಂದು ಸೌಂಡ್ ಅಂಗಡಿ ಇದೆ, ಕೇಳಿ ನೋಡಿ."

ದಾರಿಯಲ್ಲಿ ಮೇಸ್ತ್ರಿ ತಲೆ ಚಚ್ಚಿಕೊಂಡರು. "ಈ ವಯಸ್ಸಲ್ಲಿ ಕಾರಲ್ಲಿ ಧಂ ಧಂ ಅನ್ನಿಸ್ಕೊಂಡು ಹೋಗೋಣ್ವಾ? ಜನ ಏನಂತಾರೆ?"

"ಜನ ಅನ್ನೋದು ನಂಗೆ ಹೇಗಿದ್ರೂ ಕೇಳಲ್ಲ" ಅಂದರು ಪರದೆಯಮ್ಮ.

ಸೌಂಡ್ ಅಂಗಡಿಯವನಿಗೆ ಆ ಕಡೆಯವರೆಲ್ಲ ಗುಡುಗಪ್ಪ ಅಂತ ಹೆಸರಿಟ್ಟಿದ್ದರು. ಮನುಷ್ಯ ಮಾತ್ರ ಮೆತ್ತಗಿನ ದನಿಯವನು, ಕಿವಿ ಹತ್ತಿರ ಬಂದರೇ ಕೇಳುವಷ್ಟು. ಅವನು ಒಂದು ದೊಡ್ಡ ಮರದ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಕೂರಿಸಿ, "ಒಂದಷ್ಟು ದಿನ ಇಟ್ಕೊಂಡು ನೋಡಿ ಅಮ್ಮಾ. ಹೊಂದಲಿಲ್ಲ ಅಂದ್ರೆ ವಾಪಸ್ ತನ್ನಿ" ಅಂದ.

ಅವತ್ತು ಸಂಜೆ ಪರದೆಯಮ್ಮ ಒಬ್ಬರೇ ಕಾರು ತೆಗೆದುಕೊಂಡು ಕೆರೆಯ ಸುತ್ತ ಹೋದರು. ಒಂದು ಸುತ್ತು ಅಂತ ಹೋದವರು ಕತ್ತಲಾದ ಮೇಲೆ ಬಂದರು. ಅವರ ಮುಖ ನೋಡಿ ಮೇಸ್ತ್ರಿ ತಟ್ಟೆ ಹಾಕಿದರು.

ತೊಂದರೆ ಶುರುವಾದದ್ದು ಮರುದಿನ ಕೆಲಸಕ್ಕೆ ಹೊರಟಾಗ. ಡಿಕ್ಕಿಯ ಮುಕ್ಕಾಲು ಪಾಲನ್ನು ಪೆಟ್ಟಿಗೆಯೇ ನುಂಗಿತ್ತು. ಸುರುಳಿಗಳು ಹಿಂದಿನ ಸೀಟಿಗೆ ಬಂದವು, ಡಬ್ಬಗಳು ಕಾಲ ಬುಡಕ್ಕೆ ಬಂದವು, ಏಣಿ ಮೇಸ್ತ್ರಿಯ ತೊಡೆಯ ಮೇಲೆ ಬಂತು. ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂದು ಬ್ರೇಕ್ ಹಾಕಿದ್ದೇ, ಏಣಿ ಹೋಗಿ ಗಾಜಿಗೆ ಬಡಿಯಿತು, ಹಿಂದಿದ್ದ ಬಿಳಿ ಪರದೆಗಳು ಜಾರಿ ಡಬ್ಬಗಳ ಮೇಲೆ ಬಿದ್ದು ಮುದ್ದೆಯಾದವು. ಗಿರಾಕಿಯ ಮನೆಯ ನೆಲದ ಮೇಲೆ ಕಂಬಳಿ ಹಾಸಿ ಮತ್ತೆ ಎಲ್ಲಕ್ಕೂ ಇಸ್ತ್ರಿ ಹಾಕಬೇಕಾಯಿತು. ಮೇಸ್ತ್ರಿ ಇಡೀ ದಿನ ಚಕಾರ ಎತ್ತಲಿಲ್ಲ. ಮಗುವನ್ನು ಕೂರಿಸಿಕೊಂಡ ಹಾಗೆ ಏಣಿಯನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದರು. ಆ ಮೌನ ಪರದೆಯಮ್ಮನಿಗೆ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಆಕೆಯೇ ಶುರು ಮಾಡಿದರು. "ಬೈಯೋದಿದ್ರೆ ಬೈದುಬಿಡಿ."

"ಬೈಯೋಕೇನಿದೆ? ನಿಂಗೆ ಖುಷಿಯಾಗಿದ್ದು ನಂಗೂ ಕಂಡಿದೆ. ಆದ್ರೆ ಡಿಕ್ಕಿ ಅಂದ್ರೆ ನಮ್ಮ ಅಂಗಡಿ ಕಣೇ. ಅಂಗಡಿ ಬಾಗಿಲು ಹಾಕಿ ಸಂಗೀತ ಕೇಳೋಕಾಗುತ್ತಾ?"

ಪೆಟ್ಟಿಗೆ ವಾಪಸ್ ಹೋಯಿತು. ಅದನ್ನು ಕೊಟ್ಟ ಮೇಲೂ ಪರದೆಯಮ್ಮ ಅಂಗಡಿಯಿಂದ ಕದಲಲಿಲ್ಲ. "ನೋಡಪ್ಪಾ, ಹಾವೂ ಸಾಯಬೇಕು, ಕೋಲೂ ಮುರೀಬಾರದು. ಡಿಕ್ಕಿಯೂ ಇರಬೇಕು, ಬೇಸೂ ಬರಬೇಕು. ಏನಾದ್ರೂ ಮಾಡು."

ಗುಡುಗಪ್ಪ ಡಿಕ್ಕಿಯ ತಳದ ಹಲಗೆ ಎತ್ತಿದ. ಕೆಳಗೆ ಸ್ಟೆಪ್ನಿ ಚಕ್ರ ಮಲಗಿತ್ತು. ಆ ಚಕ್ರದ ಹೊಟ್ಟೆಯೊಳಗೇ ಕೂರುವಂಥ ದುಂಡನೆಯ ವೂಫರ್ ತಂದು ಬೋಲ್ಟ್ ಹಾಕಿ ಬಿಗಿದು, ಮೇಲೆ ಹಲಗೆ ಮುಚ್ಚಿದ. ನೋಡಿದರೆ ಏನೂ ಆಗಿಲ್ಲದ ಹಾಗಿತ್ತು. ಏಣಿ ತನ್ನ ಜಾಗಕ್ಕೆ ಹೋಯಿತು, ಸುರುಳಿಗಳು ತಮ್ಮ ಜಾಗಕ್ಕೆ ಹೋದವು. ಹೊರೆಯ ಕೆಳಗಿನಿಂದ ದನಿ ಸ್ವಲ್ಪ ಕಂಬಳಿ ಹೊದ್ದ ಹಾಗೆ ಬರುತ್ತಿತ್ತು, ಆದರೂ ಬರುತ್ತಿತ್ತು. ಪರದೆಯಮ್ಮ ಅಷ್ಟಕ್ಕೇ ತೃಪ್ತರಾದರು.

ಊರಾಚೆಯ ರಸ್ತೆಯಲ್ಲಿ ಒಂದು ದಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಬೇಕು. ಸ್ಟೆಪ್ನಿ ಇರುವುದು ವೂಫರಿನ ಕೆಳಗೆ, ವೂಫರ್ ಇರುವುದು ಹಲಗೆಯ ಕೆಳಗೆ, ಹಲಗೆಯ ಮೇಲೆ ಇಡೀ ಅಂಗಡಿ. ಮೇಸ್ತ್ರಿ ಒಂದೊಂದಾಗಿ ಇಳಿಸಿ ರಸ್ತೆ ಪಕ್ಕದ ಹುಲ್ಲಿನ ಮೇಲೆ ಇಡತೊಡಗಿದರು. ಧೂಳು ಹತ್ತದಿರಲಿ ಅಂತ ಪರದೆಯಮ್ಮ ಹೊಲಿದ ಪರದೆಗಳನ್ನು ಏಣಿ ಬಿಡಿಸಿ ಅದರ ಮೇಲೆ ಹರವಿದರು. ನೀಲಿ, ಕಂದು, ಹೂವಿನದು, ಗೆರೆಯದು. ಮೇಸ್ತ್ರಿ ಡಿಕ್ಕಿಯೊಳಗೆ ತಲೆ ತೂರಿಸಿ ಬೋಲ್ಟ್ ಬಿಚ್ಚುತ್ತಿದ್ದಾಗ ಸ್ಕೂಟರೊಂದು ನಿಂತಿತು.

"ಈ ನೀಲಿ ಹೇಗೆ ಕೊಟ್ರಿ?" ಅಂದಳು ಸ್ಕೂಟರಿನವಳು.

"ಇದು ಮಾರೋಕಲ್ಲಮ್ಮಾ, ನಮ್ಮ ಟೈರು ಪಂಕ್ಚರ್" ಅಂದರು ಪರದೆಯಮ್ಮ.

"ಟೈರು ಬೇಡ ನಂಗೆ. ನೀಲಿ ಪರದೆ ಹೇಳಿ."

ಡಿಕ್ಕಿಯೊಳಗಿನಿಂದ ನಗುವಿನ ಸದ್ದು ಬಂತು. ಮೇಸ್ತ್ರಿ ನಗುವುದೇ ಅಪರೂಪ, ನಕ್ಕರೆ ನಿಲ್ಲುವುದಿಲ್ಲ. ಚಕ್ರ ಬದಲಿಸುವ ಹೊತ್ತಿಗೆ ಆ ಹೆಂಗಸಿನ ಮನೆಯ ವಿಳಾಸ, ಅವಳ ಮೂರು ಕಿಟಕಿಗಳ ಅಂದಾಜು ಅಳತೆ ಎರಡೂ ಪರದೆಯಮ್ಮನ ಕೈ ಸೇರಿದ್ದವು. ಲಾಭವೇ ಆಯಿತೆನ್ನಿ. ಆದರೂ ದಾರಿಯಲ್ಲಿ ಮೇಸ್ತ್ರಿ ಕೈಯ ಮಸಿ ಒರೆಸಿಕೊಳ್ಳುತ್ತಾ, "ಇದೇ ಮಳೇಲಿ ಆಗಿದ್ರೆ? ಸ್ಟೆಪ್ನಿ ಇರೋದು ಆಪತ್ತಿಗೆ ಕಣೇ, ಆಪತ್ತಿನ ಹೊಟ್ಟೇಲಿ ಹಾಡು ಇಡಬಾರದು" ಅಂದರು. ಆ ಮಾತು ಆಕೆಗೂ ಸರಿ ಅನ್ನಿಸಿತು.

ಮೂರನೇ ಸಲ ಅಂಗಡಿಗೆ ಹೋದಾಗ ಗುಡುಗಪ್ಪ ಕಾರಿನೊಳಗೆ ಬೋರಲು ಮಲಗಿ ಸೀಟುಗಳ ಕೆಳಗೆ ಕೈಯಾಡಿಸಿ ನೋಡಿದ. "ಸೀಟಿನಡಿ ಇಡೋ ಚಪ್ಪಟೆ ವೂಫರ್ ಇದೆ. ದೊಡ್ಡ ಪೆಟ್ಟಿಗೆಯಷ್ಟು ಗುಡುಗಲ್ಲ, ಆದ್ರೆ ಮೈಗೆ ಹತ್ರ ಇರೋದ್ರಿಂದ ಚೆನ್ನಾಗಿ ಮುಟ್ಟುತ್ತೆ. ಡ್ರೈವರ್ ಸೀಟಿನ ಕೆಳಗೆ ಆಗಲ್ಲ ಅಮ್ಮಾ, ಸೀಟು ಎತ್ತರಿಸೋ ಕಬ್ಬಿಣ ಅಡ್ಡ ಇದೆ. ಪಕ್ಕದ ಸೀಟಿನಡಿ ಇಡಬೇಕು."

"ಅಂದ್ರೆ ಅದರ ಮೇಲೆ ನಾನು ಕೂರಬೇಕಾ?" ಅಂದರು ಮೇಸ್ತ್ರಿ.

"ಕೂತ್ರೆ ಸಾಕು ಸಾರ್. ಕಾವು ಕೊಡೋದೇನೂ ಬೇಡ."

ಹಾಗೆ ಮಡಚಿದ ದಿನಪತ್ರಿಕೆಯ ಕಟ್ಟಿನಷ್ಟಿದ್ದ ಕಪ್ಪು ಡಬ್ಬಿಯೊಂದು ಮೇಸ್ತ್ರಿಯ ಸೀಟಿನ ಕೆಳಗೆ ಹೋಗಿ ಕೂತಿತು. ಸ್ಟೆಪ್ನಿಗೆ ಬಿಡುಗಡೆಯಾಯಿತು, ಡಿಕ್ಕಿ ಪೂರ್ತಿ ಡಿಕ್ಕಿಯಾಯಿತು. ಹಾಡು ಹಾಕಿದ್ದೇ ಪರದೆಯಮ್ಮನ ಮುಖ ಅರಳಿತು. ಮೇಸ್ತ್ರಿಯ ಮುಖ ಹುಳ್ಳಗಾಯಿತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಅಂದರು ಆಕೆ.

"ಇಡೀ ಕಾರು ಗಡಗಡ ಅಂತಿದೆ! ಬಾಗಿಲಲ್ಲಿ ತಗಡು ಕುಣೀತಿದೆ, ಹಿಂದೆ ಏನೋ ಕಿರ್ರ್ ಅಂತಿದೆ. ನಿಂಗೆ ಕೇಳ್ತಿಲ್ವಾ?"

ಆಕೆಗೆ ನಿಜಕ್ಕೂ ಕೇಳುತ್ತಿರಲಿಲ್ಲ. ಬೇಸ್ ಬಡಿದಾಗ ಹಳೇ ಕಾರಿನ ಸಡಿಲಾದ ಕೀಲು ಮೂಳೆಗಳೆಲ್ಲ ಎಬ್ಬಿಸುತ್ತಿದ್ದ ಕಿರಿಕಿರಿ ಪೂರ್ತಾ ಸಣ್ಣ ದನಿಯದು, ಆಕೆಯ ಕಿವಿಯಿಂದ ಹೋದ ಪಾಲಿನದು. ಹಾಡಿನ ಸುಖವೆಲ್ಲ ಆಕೆಗೆ, ಕಿರಿಕಿರಿಯೆಲ್ಲ ಗಂಡನಿಗೆ. "ಒಳ್ಳೇ ಪಾಲು ಮಾಡಿದ್ದಾನೆ ಗುಡುಗಪ್ಪ" ಅಂತ ಮೇಸ್ತ್ರಿ ಗೊಣಗಿದರು. ಗೊಣಗಿದರೂ, ಅದನ್ನು ತೆಗೆಸು ಅಂತ ಮಾತ್ರ ಹೇಳಲಿಲ್ಲ. ಭಾನುವಾರ ಬರಲಿ ಅಂದರು.

ಭಾನುವಾರ ಬೆಳಿಗ್ಗೆಯೇ ಕಾರಿನ ಎಲ್ಲಾ ಬಾಗಿಲು ತೆರೆದು ಮೇಸ್ತ್ರಿ ಕೆಲಸಕ್ಕಿಳಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಗಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಗಿರಣಿಯಿಂದ ಬಂದ ಅಭ್ಯಾಸ. ಕೆಟ್ಟ ಮಗ್ಗದ ನೋವನ್ನು ಹಾಗೇ ಹುಡುಕುತ್ತಿದ್ದರಂತೆ. ಮೊದಲು ಸಿಕ್ಕಿಬಿದ್ದದ್ದು ಹಿಂದಿನ ನಂಬರ್ ಪ್ಲೇಟು. ಆಮೇಲೆ ಬಳಸದ ಸೀಟ್ ಬೆಲ್ಟಿನ ಕೊಂಡಿ. ಆಮೇಲೆ ಮುಂದಿನ ಗೂಡಿನಲ್ಲಿದ್ದ ಪರದೆಯಮ್ಮನ ಕನ್ನಡಕದ ಡಬ್ಬಿ. ದೊಡ್ಡ ಕಳ್ಳರು ಬಾಗಿಲುಗಳ ಒಳಗಿದ್ದರು. ಮೇಸ್ತ್ರಿ ಬಾಗಿಲಿನ ಒಳಹಲಗೆ ಬಿಚ್ಚಿದಾಗ ಖಾಲಿ ತಗಡು ಡೋಲಿನ ಹಾಗೆ ಕಂಡಿತು.

"ಇದಕ್ಕೆ ದಪ್ಪಗೆ ಏನಾದ್ರೂ ಹೊದಿಸಬೇಕು" ಅಂದರು.

ಹೊದಿಸುವುದು ಪರದೆಯಮ್ಮನ ಕಸುಬು. ಗುಡುಗಪ್ಪ ಕೊಟ್ಟಿದ್ದ ಅಂಟಿನ ರಬ್ಬರ್ ಹಾಳೆಯನ್ನು ತಗಡಿನ ಬೆನ್ನಿಗೆ ಹಚ್ಚಿದರು. ಒಳಹಲಗೆಯ ಕೊಂಡಿಗಳು ಬಡಿದುಕೊಳ್ಳುವ ಕಡೆ ಪರದೆಯ ಅಸ್ತರಿಗೆ ತಂದು ಉಳಿದಿದ್ದ ದಪ್ಪ ಉಣ್ಣೆ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಅಂಟಿಸಿದರು. ನೀರಿಳಿಯುವ ತೂತು ಮುಚ್ಚದಂತೆ ಮೇಸ್ತ್ರಿ ಬೆರಳಿಟ್ಟು ತೋರಿಸಿದರು. ಅವರು ಬಾಗಿಲಿಗೆ ಕಿವಿಗೊಟ್ಟು ಇಲ್ಲಿ ಅಂತ ಬೆರಳೆತ್ತುವುದು, ಈಕೆ ಅಷ್ಟಗಲ ಕತ್ತರಿಸಿ ಕೊಡುವುದು, ಅವರು ಸಾಲದು ಅಂತ ತಲೆಯಾಡಿಸುವುದು, ಈಕೆ ಇನ್ನೊಂದು ಪದರ ಇಡುವುದು. ಮಾತೇ ಇಲ್ಲ. ನಾನು ಹಾಲು ತರಲು ಹೋಗುವಾಗಲೂ ನೋಡಿದೆ, ಊಟ ಮುಗಿಸಿ ಹೊರಗೆ ಬಂದಾಗಲೂ ನೋಡಿದೆ, ಅದೇ ಮೂಕನಾಟಕ. ಮೂವತ್ತು ವರ್ಷ ಹಿಂದಿನ ಇಬ್ಬರನ್ನು ನೋಡಿದ ಹಾಗಾಯಿತು ನನಗೆ.

ಕೊನೆಗೆ ಬಾಗಿಲು ಹಾಕಿದಾಗ ದಡ್ ಅಂತ ತುಂಬಿದ ಸದ್ದು ಬಂತು. ಹಾಡು ಹಾಕಿದರು. ಮೇಸ್ತ್ರಿ ಕಣ್ಣು ಕಿರಿದು ಮಾಡಿಕೊಂಡು ಕಿರಿಕಿರಿಗಾಗಿ ಕಾದರು. ಬರಲಿಲ್ಲ. ಬೆನ್ನುಹುರಿಯಲ್ಲಿ ಏನೋ ಮೆಲ್ಲಗೆ ಹತ್ತಿ ಹೋಯಿತು. ಇನ್ನೊಮ್ಮೆ ಹಾಕು ಅಂದರು. ಹೊಗಳಿಕೆ ಅವರ ಬಾಯಿಂದ ಬರುವುದಿಲ್ಲ. ಇನ್ನೊಮ್ಮೆ ಅಂದರೆ ಅದೇ ಹೊಗಳಿಕೆ.

ಇಲ್ಲಿಗೆ ಎಲ್ಲಾ ಸರಿಹೋಗಬೇಕಿತ್ತು. ಆದರೆ ಕೆಲವು ವಾರಗಳಲ್ಲಿ ಮೇಸ್ತ್ರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಹೆಂಡತಿ ಪಕ್ಕಕ್ಕೆ ಕೈ ಚಾಚಿ, ತಾವು ಕೂತ ಸೀಟಿನ ಅಂಚಿಗೆ ಅಂಗೈ ಒತ್ತಿ ಹಿಡಿಯುತ್ತಾಳೆ. ಹಸಿರು ಬಂದರೆ ಕೈ ಗೇರಿಗೆ ಹೋಗುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಸೀಟಿನ ಅಂಚು. ಬೇಕು ಅಂದವಳು ಸ್ಟೀರಿಂಗ್ ಹಿಡಿದು ಕೂತಿದ್ದಾಳೆ, ಬೇಡ ಅಂದವನು ಅದರ ಮೇಲೆ ಆರಾಮಾಗಿ ಕೂತಿದ್ದಾನೆ!

"ನೀನು ಈ ಕಡೆ ಬಂದು ಕೂತ್ಕೋ" ಅಂದರು ಒಂದು ದಿನ, ಕಾರು ಮನೆ ಮುಂದೆ ನಿಂತಿದ್ದಾಗ. ಇಬ್ಬರೂ ಜಾಗ ಬದಲಿಸಿದರು. ಆಕೆ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ಸ್ಟೀರಿಂಗ್ ಮುಂದೆ ಕೂತ ಮೇಸ್ತ್ರಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯದೆ ಮೊಣಕೈ ಹಾರನ್ನಿಗೆ ತಾಗಿ, ಎದುರು ಮನೆಯ ಮುದುಕರು ಬೈದುಕೊಂಡು ಹೊರಗೆ ಬಂದರು.

ಅದಾದ ಮೇಲೆ ಮೇಸ್ತ್ರಿ ದಿನಾ ಬೆಳಿಗ್ಗೆ ವಾಕಿಂಗ್ ಶುರು ಮಾಡಿದರು. ಸಕ್ಕರೆ ಕಾಯಿಲೆ ಬರುವ ಮುಂಚೆ ಎಚ್ಚರವಾಗಿರಬೇಕು ಅಂತ ನೆಪ. ಹೋಗುತ್ತಿದ್ದದ್ದು ಡ್ರೈವಿಂಗ್ ಕಲಿಸುವ ಹೆಂಗಸೊಬ್ಬರ ಹತ್ತಿರ. ಅಲ್ಲೇ ಮೇಸ್ತ್ರಿಯ ಲೆಕ್ಕ ತಪ್ಪಿದ್ದು, ಆ ಹೆಂಗಸು ಪರದೆಯಮ್ಮನ ಗಿರಾಕಿ. "ನಿಮ್ಮ ಯಜಮಾನ್ರು ಕ್ಲಚ್ಚನ್ನ ತುಳಿಯೋದು ನೋಡಿದ್ರೆ ಹಾವು ತುಳಿದ ಹಾಗಿರುತ್ತೆ" ಅಂತ ಮೂರನೇ ದಿನವೇ ಎದುರು ಸಿಕ್ಕಾಗ ಹೇಳಿಬಿಟ್ಟಿದ್ದರು. ಪರದೆಯಮ್ಮ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದರು. ವಾಕಿಂಗಿನಿಂದ ಬೆವರಿ ಬಂದ ಗಂಡನಿಗೆ ನೀರು ಕೊಟ್ಟು, "ದಾರಿ ಹೇಗಿತ್ತು?" ಅಂತ ಕೇಳುತ್ತಿದ್ದರು. "ಗಾಡಿಗಳ ಕಾಟ" ಅನ್ನುತ್ತಿದ್ದರು ಮೇಸ್ತ್ರಿ.

ಮೊದಲ ಪರೀಕ್ಷೆಯಲ್ಲಿ ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ನಪಾಸಾದರು. ಅವತ್ತು ಮನೆಗೆ ಬಂದು ನೇರ ಹಿತ್ತಲಿಗೆ ಹೋಗಿ ಸರಳುಗಳಿಗೆ ಬಣ್ಣ ಹಚ್ಚುತ್ತಾ ಕೂತರು. ಪರದೆಯಮ್ಮ ಹೋಗಿ ಪಕ್ಕದಲ್ಲಿ ಕೂತು ಇನ್ನೊಂದು ಕುಂಚ ಎತ್ತಿಕೊಂಡರು.

"ಏರಿನಲ್ಲಿ ಮೊದಲು ಹ್ಯಾಂಡ್ ಬ್ರೇಕ್ ಹಾಕ್ಕೋಬೇಕು. ಗಾಡಿ ಸ್ವಲ್ಪ ಮೂಗೆತ್ತುತ್ತೆ ನೋಡಿ, ಆವಾಗ ಬಿಡಬೇಕು" ಅಂದರು, ಕುಂಚದಿಂದ ಕಣ್ಣೆತ್ತದೆ.

ಮೇಸ್ತ್ರಿ ತಿರುಗಿ ನೋಡಿದರು. "ಯಾವಾಗಿಂದ ಗೊತ್ತು?"

"ನಿಮ್ಮ ವಾಕಿಂಗ್ ಶುರುವಾದಾಗಿಂದ."

ಎರಡನೇ ಸಲ ಪಾಸಾದರು. ಮೂಗೆತ್ತಿದ್ದು ಕಂಡಿತಂತೆ.

ಲೈಸೆನ್ಸ್ ಬಂದ ಮೇಲಿನ ಮೊದಲ ಭಾನುವಾರ ಅವರು ಕೆರೆಯ ರಸ್ತೆಗೆ ಹೊರಟರು. ಕೆಲಸವಿಲ್ಲದ ದಿನವಾದರೂ ಏಣಿ, ಸುರುಳಿ ಎಲ್ಲ ಡಿಕ್ಕಿಯಲ್ಲೇ ಇತ್ತು, ಇಳಿಸುವವರು ಯಾರು? ಮೇಸ್ತ್ರಿಯ ಓಟಕ್ಕೆ ಸೈಕಲ್ಲುಗಳೂ ಪಕ್ಕಕ್ಕೆ ಸರಿದು ಮುಂದೆ ಹೋದವು. ಹಿಂದೆ ಲಾರಿಯೊಂದು ಹಾರನ್ನು ಹೊಡೆದೂ ಹೊಡೆದೂ ಸುಸ್ತಾಯಿತು. ಪರದೆಯಮ್ಮ ಪಕ್ಕದ ಸೀಟಿನಲ್ಲಿ ಚಪ್ಪಲಿ ಕಳಚಿ, ಎರಡೂ ಪಾದ ನೆಲಕ್ಕೆ ಒತ್ತಿ ಕೂತಿದ್ದರು. ಸೊಂಟದಿಂದ ಭುಜದವರೆಗೆ ಹಾಡು ತುಂಬಿಕೊಳ್ಳುತ್ತಿತ್ತು. ಆ ದಪ್ಪ ತಂತಿ ಎಲ್ಲಿ ತಡೆದು ನಿಲ್ಲುತ್ತದೆ, ಎಲ್ಲಿ ಮತ್ತೆ ಹಿಡಿಯುತ್ತದೆ ಅನ್ನುವುದೆಲ್ಲ ಈಗ ಬಿಡಿಬಿಡಿಯಾಗಿ ಗೊತ್ತಾಗುತ್ತಿತ್ತು.

"ಹೇಗಿದೆ?" ಅಂದರು ಮೇಸ್ತ್ರಿ, ರಸ್ತೆಯಿಂದ ಕಣ್ಣು ಕೀಳದೆ.

ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿದರು. ಕಣ್ಣು ಮುಚ್ಚಿದೆ. ನಿದ್ದೆ ಹತ್ತಿರಬೇಕು ಅಂತ ಮೆಲ್ಲಗೆ ಕೈ ಚಾಚಿ ಸದ್ದು ತಗ್ಗಿಸಿದರು.

"ಯಾಕ್ರೀ ಕಮ್ಮಿ ಮಾಡಿದ್ರಿ?" ಅಂದರು ಪರದೆಯಮ್ಮ, ಕಣ್ಣು ತೆರೆಯದೆಯೇ.

ಈಗ ಅವರಲ್ಲಿ ಒಂದು ಒಪ್ಪಂದವಿದೆ. ಕೆಲಸಕ್ಕೆ ಹೋಗುವಾಗ ಮೇಸ್ತ್ರಿ ಓಡಿಸುತ್ತಾರೆ, ಬರುವಾಗ ಪರದೆಯಮ್ಮ. ಗೋಡೆ ಕೊರೆದು ದಣಿದ ಮೇಸ್ತ್ರಿ ವಾಪಸ್ ಬರುವಾಗ ಸೀಟಿಗೆ ಒರಗಿ ಗೊರಕೆ ಹೊಡೆಯುತ್ತಾರಂತೆ. "ಅದೂ ಬೇಸೇ, ನಂಗೆ ಚೆನ್ನಾಗಿ ಕೇಳುತ್ತೆ" ಅನ್ನುತ್ತಾರೆ ಆಕೆ.

ಕಳೆದ ವಾರ ನಮ್ಮ ಮಲಗುವ ಕೋಣೆಗೆ ಪರದೆ ಹೊಲಿಸಲು ಬಟ್ಟೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಾರು ಆಗ ತಾನೇ ಬಂದು ಗೇಟಿನ ಮುಂದೆ ನಿಂತಿತ್ತು. ಗಾಜು ಏರಿಸಿತ್ತು, ಹೊರಗೆ ಹೆಚ್ಚೇನೂ ಕೇಳುತ್ತಿರಲಿಲ್ಲ. ಇಬ್ಬರೂ ಒಳಗೆ ಕೂತೇ ಇದ್ದರು. ನನ್ನನ್ನು ಕಂಡು ಮೇಸ್ತ್ರಿ ಇಳಿಯಹೋದರು, ಪರದೆಯಮ್ಮ ಅವರ ತೋಳು ಹಿಡಿದು ಕೂರಿಸಿದರು. ಹಾಡು ಇನ್ನೂ ಮುಗಿದಿರಲಿಲ್ಲ ಅಂತ ಕಾಣುತ್ತೆ. ನಾನು ಬಟ್ಟೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತುಕೊಂಡೆ.